ಕುಂಬಾರನಿಲ್ಲದ ಕೊಳವೆ

ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಕೋಳಿಮರಿಯ ಕರುಳು ದೇವರ ಕುರಿತ ವಾಗ್ವಾದಕ್ಕೆ ವಸ್ತುವಾಯಿತು. ವಾದದ ಒಂದು ಬದಿಗೆ ಆಲ್ಬ್ರೆಕ್ಟ್ ಫಾನ್ ಹಾಲರ್. ಸ್ವಿಟ್ಜರ್ಲೆಂಡಿನವನು, ಕವಿ, ಶರೀರಶಾಸ್ತ್ರದಲ್ಲಿ ಆ ಕಾಲದ ಬಹು ದೊಡ್ಡ ಹೆಸರು, ದೃಢವಾದ ದೈವಭಕ್ತ. ಇನ್ನೊಂದು ಬದಿಗೆ ಕ್ಯಾಸ್ಪರ್ ಫ್ರೀಡ್ರಿಕ್ ವೊಲ್ಫ್. ಬರ್ಲಿನ್ನಿನ ದರ್ಜಿಯೊಬ್ಬನ ಮಗ. 1759ರಲ್ಲಿ, ಮೂವತ್ತು ತುಂಬುವ ಮೊದಲೇ, ಜೀವಿಗಳ ಉತ್ಪತ್ತಿಯ ಮೇಲೆ ಪ್ರಬಂಧ ಬರೆದು ಅದನ್ನು ಹಾಲರ್‌ಗೇ ಕಳಿಸಿಕೊಟ್ಟ.

ಹಾಲರ್‌ನ ನಿಲುವು ಹೀಗಿತ್ತು. ಹುಂಜದ ಸಂಗವಿಲ್ಲದೆಯೂ ಕೋಳಿಯೊಳಗೆ ಮೊಟ್ಟೆಯ ಹಳದಿ ಇರುತ್ತದೆ. ಆ ಹಳದಿಯನ್ನು ಸುತ್ತಿದ ಪೊರೆಯೇ ಮುಂದುವರಿದು ಮರಿಯ ಕರುಳಿನ ಪೊರೆಯಾಗುತ್ತದೆ. ಪೊರೆ ಒಂದೇ ಆದಮೇಲೆ, ಹಳದಿ ಇದ್ದಾಗಲೇ ಕರುಳೂ ಇದ್ದಿರಬೇಕು. ಕರುಳಿದ್ದರೆ ಮರಿಯೂ ಇದ್ದಿರಬೇಕು. ನಮ್ಮ ಕಣ್ಣಿಗೆ ಅದು ಕಾಣದಿದ್ದರೆ ಕಾರಣ ಅದರ ಪಾರದರ್ಶಕತೆ, ಅದರ ಸೂಕ್ಷ್ಮತೆ. ಸೃಷ್ಟಿಯ ದಿನವೇ ದೇವರು ಎಲ್ಲ ಜೀವಿಗಳ ಆಕಾರವನ್ನೂ ಮಾಡಿ ಮುಗಿಸಿದ್ದಾನೆ, ಆಮೇಲೆ ನಡೆಯುವುದೆಲ್ಲ ಬರಿಯ ಬಿಚ್ಚಿಕೊಳ್ಳುವಿಕೆ.

ವೊಲ್ಫ್ ಈ ವಾದದ ಕೀಲನ್ನೇ ಹಿಡಿದ. ಸೇಂಟ್ ಪೀಟರ್ಸ್‌ಬರ್ಗ್‌ನ ಅಕಾಡೆಮಿಗೆ ಸೇರಿದ ಮೇಲೆ, 1768–69ರಲ್ಲಿ, ಕೋಳಿಯ ಕರುಳು ರೂಪುಗೊಳ್ಳುವ ಬಗೆಯನ್ನು ದೀರ್ಘವಾಗಿ ವರ್ಣಿಸಿ ಬರೆದ. ಕಾವಿಗಿಟ್ಟ ಮೊಟ್ಟೆಗಳನ್ನು ಬೇರೆ ಬೇರೆ ಹಂತದಲ್ಲಿ ಒಡೆದು ನೋಡಿದಾಗ ಅವನಿಗೆ ಮೊದಮೊದಲು ಕರುಳಿನ ಕೊಳವೆ ಎಲ್ಲೂ ಕಾಣಲಿಲ್ಲ. ಕಂಡದ್ದು ಒಂದು ಚಪ್ಪಟೆ ಪದರ. ಆ ಪದರ ಮಡಿಕೆಯಾಗುತ್ತದೆ, ಮಡಿಕೆಯ ಅಂಚುಗಳು ಒಂದನ್ನೊಂದು ಸಮೀಪಿಸುತ್ತವೆ, ಕೂಡಿಕೊಳ್ಳುತ್ತವೆ, ಕೊಳವೆ ಮುಚ್ಚುತ್ತದೆ. ಪಾರದರ್ಶಕವಾಗಿದ್ದ ಕೊಳವೆ ಗಟ್ಟಿಯಾಗಿ ಕಣ್ಣಿಗೆ ಬಿದ್ದದ್ದಲ್ಲ ಇದು. ಕೊಳವೆಯೇ ಇರಲಿಲ್ಲ, ಆಮೇಲೆ ಬಂತು.

ಹಾಲರ್ ಅಂಜಿದ್ದು ಸಹಜ. ಆಕಾರ ತಾನಾಗಿ ಮೂಡುವುದಾದರೆ ಆಕಾರ ಕೊಟ್ಟವನಿಗೆ ಏನು ಕೆಲಸ? ವೊಲ್ಫ್ ಅವನಿಗೆ ಬರೆದ ಪತ್ರವೊಂದರಲ್ಲಿ ಈ ಅಂಜಿಕೆಗೂ ಉತ್ತರ ಕೊಟ್ಟ: ದೇಹಗಳು ಪ್ರಕೃತಿಯ ಶಕ್ತಿಗಳಿಂದ ಉಂಟಾಗುತ್ತವೆ ಎಂದು ಸಿದ್ಧವಾದರೂ ದೇವರ ವಿರುದ್ಧ ಏನೂ ಸಿದ್ಧವಾದಂತಲ್ಲ, ಏಕೆಂದರೆ ಆ ಶಕ್ತಿಗಳಿಗೂ ಒಬ್ಬ ಕರ್ತೃವನ್ನು ಕೇಳಬಹುದು. ಒಳ್ಳೆಯ ಉತ್ತರ. ಆದರೆ ಆ ಶಕ್ತಿ ಯಾವುದು ಎಂದು ಕೇಳಿದರೆ ವೊಲ್ಫ್‌ನ ಬಳಿ ಇದ್ದದ್ದು ‘ಸಾರಭೂತ ಶಕ್ತಿ’ ಎಂಬ ಹೆಸರು ಮಾತ್ರ. ಚಪ್ಪಟೆ ಪದರವನ್ನು ಮಡಿಸಿದ ಕೈ ಯಾವುದೆಂದು ಅವನಿಗಾಗಲಿ ಆ ಶತಮಾನದಲ್ಲಿ ಮತ್ತಾರಿಗಾಗಲಿ ಕಾಣುವಂತಿರಲಿಲ್ಲ.

ಭಾರತೀಯ ದರ್ಶನಗಳ ಪರಿಚಯವಿದ್ದವರಿಗೆ ಈ ಜಗಳ ಹೊಸದೆನಿಸುವುದಿಲ್ಲ. ಕಾರ್ಯವು ಕಾರಣದೊಳಗೆ ಮೊದಲೇ ಇದೆ, ಅವ್ಯಕ್ತವಾಗಿದ್ದದ್ದು ವ್ಯಕ್ತವಾಗುತ್ತದೆ ಅಷ್ಟೆ ಎಂದಿತು ಸಾಂಖ್ಯ. ಇದು ಸತ್ಕಾರ್ಯವಾದ. ಇಲ್ಲ, ಮಡಕೆ ಹುಟ್ಟುವ ಮುನ್ನ ಮಡಕೆ ಇರಲಿಲ್ಲ, ಅಲ್ಲಿದ್ದದ್ದು ಅದರ ಪ್ರಾಗಭಾವ, ಹುಟ್ಟಿದ್ದು ನಿಜಕ್ಕೂ ಹೊಸ ವಸ್ತು ಎಂದರು ನ್ಯಾಯ-ವೈಶೇಷಿಕರು. ಕಾರ್ಯವು ಕಾರಣರೂಪದಲ್ಲಿ ಇತ್ತು, ಕಾರ್ಯರೂಪದಲ್ಲಿ ಇರಲಿಲ್ಲ ಎಂಬ ಸದಸತ್ಕಾರ್ಯವಾದವನ್ನು ಎತ್ತಿಹಿಡಿದದ್ದು ಉಡುಪಿಯ ಮಧ್ವರ ಪರಂಪರೆ. ಹಾಲರ್‌ನ ಮಾತು ಸಾಂಖ್ಯರಿಗೆ ಹತ್ತಿರ, ವೊಲ್ಫ್‌ನದು ನೈಯಾಯಿಕರಿಗೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಯುರೋಪಿನಲ್ಲಿ ‘ಮೊದಲೇ ಇತ್ತು’ ಎಂದವನು ದೇವರ ಪರ ನಿಂತ. ಇಲ್ಲಿ ‘ಮೊದಲೇ ಇತ್ತು’ ಎಂದ ಪ್ರಾಚೀನ ಸಾಂಖ್ಯರಿಗೆ ಈಶ್ವರನ ಅಗತ್ಯವೇ ಬೀಳಲಿಲ್ಲ. ‘ಹೊಸದಾಗಿ ಹುಟ್ಟಿತು’ ಎಂದ ನೈಯಾಯಿಕರೇ ಅದರಿಂದ ದೇವರನ್ನು ಸಾಧಿಸಹೊರಟರು. ಹೊಸದಾಗಿ ಹುಟ್ಟಿದ್ದಕ್ಕೆ ಹುಟ್ಟಿಸಿದವನು ಬೇಕು. ಭೂಮಿ, ಮೊಳಕೆ ಮೊದಲಾದವು ಕಾರ್ಯಗಳು, ಮಡಕೆಯೂ ಕಾರ್ಯ, ಮಡಕೆಗೆ ಕುಂಬಾರನಿದ್ದಾನೆ, ಹಾಗಾದರೆ ಭೂಮಿಗೂ ಮೊಳಕೆಗೂ ಒಬ್ಬ ಕರ್ತೃ ಇರಲೇಬೇಕು. ಉದಯನನ ‘ನ್ಯಾಯಕುಸುಮಾಂಜಲಿ’ ಈ ಅನುಮಾನವನ್ನು ಅದರ ಅತ್ಯಂತ ಬಲಿಷ್ಠ ರೂಪಕ್ಕೆ ಒಯ್ದ ಗ್ರಂಥ. ಬೌದ್ಧರು, ಜೈನರು, ಮೀಮಾಂಸಕರು ಇದನ್ನು ಎದುರಿಸಿದರು. ಅವರ ಕಡೆಯ ಆಕ್ಷೇಪಗಳಲ್ಲಿ ಬಹಳ ಸರಳವಾದದ್ದು ಇದು: ಕುಂಬಾರ ಮಡಕೆ ಮಾಡುವುದನ್ನು ಎಲ್ಲರೂ ನೋಡಿದ್ದಾರೆ, ಮೊಳಕೆಯ ಪಕ್ಕದಲ್ಲಿ ಕುಳಿತು ಅದನ್ನು ತಿದ್ದುವವನನ್ನು ಯಾರೂ ನೋಡಿಲ್ಲ.

ಮೊಳಕೆಯ ಪಕ್ಕದಲ್ಲಿ, ಮೊಳಕೆಯ ಒಳಗೆ, ಏನು ನಡೆಯುತ್ತದೆಂದು ನೋಡುವುದು ಈಗ ಸಾಧ್ಯವಾಗಿದೆ. ಕೊಳವೆಗಳ ವಿಷಯದಲ್ಲಂತೂ ಕಳೆದ ಮೂರು ದಶಕಗಳಲ್ಲಿ ಕಂಡದ್ದು ಅಪಾರ. ಕಂಡದ್ದನ್ನು ಮೊದಲು ಹೇಳಿ, ಅನುಮಾನದ ಗತಿ ಏನಾಯಿತೆಂದು ಆಮೇಲೆ ನೋಡಬಹುದು.

ಪ್ರತಿ ಜೀವಕೋಶದೊಳಗೂ ಒಂದು ಹಂದರವಿದೆ. ಸೈಟೊಸ್ಕೆಲಿಟನ್ ಎಂದು ಕರೆಸಿಕೊಳ್ಳುವ ಇದನ್ನು ಅಸ್ಥಿಪಂಜರವೆಂದು ಭಾವಿಸಿದರೆ ದಾರಿ ತಪ್ಪುತ್ತದೆ, ಏಕೆಂದರೆ ಇದು ನಿಮಿಷ ನಿಮಿಷಕ್ಕೂ ಕಟ್ಟಿಕೊಳ್ಳುತ್ತ ಕಳಚಿಕೊಳ್ಳುತ್ತ ಇರುತ್ತದೆ. ಇಲ್ಲಿ ನಮಗೆ ಬೇಕಾದ ಇದರ ಸಾಮಗ್ರಿ ಎರಡು. ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು, ದಪ್ಪ ಸುಮಾರು 7 ನ್ಯಾನೊಮೀಟರ್. ಮೈಕ್ರೊಟ್ಯೂಬ್ಯೂಲ್‌ಗಳು, ಸ್ವತಃ ಟೊಳ್ಳಾದ ನಳಿಕೆಗಳು, ದಪ್ಪ ಸುಮಾರು 25 ನ್ಯಾನೊಮೀಟರ್. ಆಕ್ಟಿನ್ ಎಳೆಗಳನ್ನು ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಹಿಡಿದು ಎಳೆಯುತ್ತದೆ. ನಮ್ಮ ತೋಳಿನ ಸ್ನಾಯು ಬಿಗಿಯುವುದೂ ಇದೇ ಜೋಡಿಯಿಂದ. ಮೈಕ್ರೊಟ್ಯೂಬ್ಯೂಲ್‌ಗಳು ಒಂದು ತುದಿಯಲ್ಲಿ ಬೆಳೆಯುತ್ತವೆ, ಇದ್ದಕ್ಕಿದ್ದಂತೆ ಕುಸಿಯುತ್ತವೆ, ಮತ್ತೆ ಬೆಳೆಯುತ್ತವೆ. ಈ ಚಂಚಲ ಸ್ವಭಾವವನ್ನು 1984ರಲ್ಲಿ ತೋರಿಸಿಕೊಟ್ಟವರು ಟಿಮ್ ಮಿಚಿಸನ್ ಮತ್ತು ಮಾರ್ಕ್ ಕಿರ್ಶ್ನರ್. ಅಕ್ಕಪಕ್ಕದ ಕೋಶಗಳು ತಮ್ಮ ಮೇಲ್ಮೈಯ ಆಕ್ಟಿನ್-ಮಯೋಸಿನ್ ಜಾಲವನ್ನು ಬಿಗಿಯುತ್ತ ಹೋದರೆ ಪ್ರತಿಯೊಂದೂ ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ, ಇಡೀ ಪದರ ಬಾಗಿ ಒಳಕ್ಕೆ ಇಳಿಯುತ್ತದೆ. ಪದರವೊಂದನ್ನು ಮಡಿಸುವ ಕೈ ಪದರದ ಕೋಶಗಳೊಳಗೇ ಇರುವ ಒಂದು ಬಗೆ ಇದು.

ಕೊಳವೆ ಹುಟ್ಟುವುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಜೀವಿ ಹಣ್ಣಿನ ನೊಣ, ಡ್ರೊಸೊಫಿಲಾ. ಕೀಟಗಳಿಗೆ ಶ್ವಾಸಕೋಶವಿಲ್ಲ. ಮೈಯ ಬದಿಯ ರಂಧ್ರಗಳಿಂದ ಹೊರಟ ಗಾಳಿಗೊಳವೆಗಳು ಕವಲೊಡೆಯುತ್ತ ಪ್ರತಿ ಅಂಗಾಂಶಕ್ಕೂ ನೇರವಾಗಿ ಆಮ್ಲಜನಕ ಒಯ್ಯುತ್ತವೆ. ಇದನ್ನು ಮೊದಲು ಬಿಡಿಸಿ ತೋರಿಸಿದವನು ಇಟಲಿಯ ಮಾರ್ಚೆಲ್ಲೊ ಮಾಲ್ಪೀಗಿ, 1669ರಲ್ಲಿ, ರೇಷ್ಮೆ ಹುಳುವಿನಲ್ಲಿ. ರಾಮನಗರ, ಶಿಡ್ಲಘಟ್ಟದ ಕಡೆ ಹುಳು ಸಾಕುವವರು ದಿನವೂ ನೋಡುವ, ಹುಳುವಿನ ಮೈಯ ಎರಡು ಬದಿಗೂ ಸಾಲಾಗಿ ಇರುವ 9 ಜೊತೆ ಕಪ್ಪು ಚುಕ್ಕೆಗಳೇ ಆ ಉಸಿರು ರಂಧ್ರಗಳು.

ನೊಣದ ಭ್ರೂಣದಲ್ಲಿ ಈ ಜಾಲ ಶುರುವಾಗುವುದು 10 ಜೊತೆ ಪುಟ್ಟ ಮಚ್ಚೆಗಳಿಂದ. ಒಂದೊಂದರಲ್ಲಿ ಸುಮಾರು 80 ಕೋಶಗಳು. ಮಚ್ಚೆ ಒಳಕ್ಕೆ ಕುಸಿದು ಚೀಲವಾದ ಮೇಲೆ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದಷ್ಟೇ ಕೋಶಗಳು ಜಾಗ ಬದಲಿಸಿ, ಆಕಾರ ಬದಲಿಸಿ ಇಡೀ ಜಾಲವನ್ನು ಕಟ್ಟುತ್ತವೆ, ಅದೂ ಒಂದು ದಿನ ತುಂಬುವುದರೊಳಗೆ. ಯಾವ ಕಡೆಗೆ ಹೋಗಬೇಕೆಂಬ ಸೂಚನೆ ಸುತ್ತಲಿನ ಅಂಗಾಂಶಗಳು ಸ್ರವಿಸುವ ‘ಬ್ರಾಂಚ್‌ಲೆಸ್’ ಎಂಬ ಪ್ರೋಟೀನಿನಿಂದ ಬರುತ್ತದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಾಸ್ನೊ ಅವರ ತಂಡ ಇದನ್ನು 1996ರಲ್ಲಿ ಪ್ರಕಟಿಸಿತು. ಮೂರು ವರ್ಷದ ನಂತರ ಅದೇ ಪ್ರಯೋಗಾಲಯ ಇನ್ನೊಂದು ಸಂಗತಿ ಹೇಳಿತು: ಮರಿಹುಳುವಿನಲ್ಲಿ ಆಮ್ಲಜನಕ ಸಾಲದ ಅಂಗಾಂಶ ಇದೇ ಪ್ರೋಟೀನನ್ನು ಹೊರಬಿಡುತ್ತದೆ, ಅದರ ಕಡೆಗೆ ಹೊಸ ಕವಲುಗಳು ಬೆಳೆದು ಬರುತ್ತವೆ. ಅಂದರೆ ತುದಿಯ ಕವಲುಗಳಿಗೆ ಮುಂಚಿತವಾಗಿ ಬರೆದಿಟ್ಟ ವಿಳಾಸಗಳಿಲ್ಲ. ಉಸಿರು ಕಟ್ಟಿದ ಕಡೆ ಕೊಳವೆ ಬರುತ್ತದೆ.

ಇಲ್ಲಿ ಟೊಳ್ಳಿನ ಕತೆಯೇ ವಿಚಿತ್ರ. ಗಾಳಿ ತುಂಬುವ ಕೊಳವೆಯ ಒಳಗೆ ಮೊದಲು ಗಾಳಿಗೆ ಜಾಗವಿರುವುದಿಲ್ಲ. ಕೋಶಗಳು ಒಳಭಾಗಕ್ಕೆ ಪ್ರೋಟೀನುಗಳನ್ನೂ ಕೈಟಿನ್ ಎಂಬ ಗಟ್ಟಿ ನಾರಿನ ಪದಾರ್ಥವನ್ನೂ ಸುರಿಯುತ್ತವೆ, ಆ ತುಂಬಿಕೆಯಿಂದಲೇ ಕೊಳವೆ ಎಲ್ಲೆಡೆ ಸಮನಾಗಿ ಅಗಲವಾಗುತ್ತದೆ. ಆಮೇಲೆ ಅದೇ ಕೋಶಗಳು ತಾವು ಸುರಿದದ್ದನ್ನು ಹಿಂದಕ್ಕೆ ಹೀರುತ್ತವೆ, ಕೊನೆಗೆ ದ್ರವವನ್ನೂ ಹೀರಿ ಗಾಳಿಗೆ ಎಡೆಮಾಡುತ್ತವೆ. ಒಂದರ ಹಿಂದೆ ಒಂದು ಬರುವ ಈ ಅಲೆಗಳನ್ನು 2007ರಲ್ಲಿ ಸ್ಟಾಕ್‌ಹೋಮ್‌ನ ಕ್ರಿಸ್ಟೋಸ್ ಸಮಕೋವ್ಲಿಸ್ ಅವರ ತಂಡ ಜೀವಂತ ಭ್ರೂಣದಲ್ಲಿ ಚಿತ್ರೀಕರಿಸಿ ವಿವರಿಸಿತು. ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ ವೈಶೇಷಿಕರಿಗೆ ಇದು ಇಷ್ಟವಾಗುತ್ತಿತ್ತು. ಕೊಳವೆಯೊಳಗಿನ ಬಯಲು ತಾನಾಗಿ ಸಿಕ್ಕಿದ್ದಲ್ಲ. ಅದನ್ನು ತುಂಬಿ, ಅಳೆದು, ಬರಿದುಮಾಡಿ ಪಡೆಯಬೇಕಾಗಿದೆ.

ಜಾಲದ ತುದಿಗೆ ಬಂದರೆ ಇನ್ನೂ ಆಶ್ಚರ್ಯ. ಅಲ್ಲಿ ಕೊಳವೆಯ ಸುತ್ತ ಕೋಶಗಳಿಲ್ಲ, ಒಂದೇ ಕೋಶದ ಒಳಗೆ ಕೊಳವೆಯಿದೆ. ಅದಕ್ಕೆ ಹೊಲಿಗೆಯೂ ಇಲ್ಲ, ಬೆಸುಗೆಯೂ ಇಲ್ಲ; ಅಡ್ಡಗಲ ಒಂದು ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. 2010ರಲ್ಲಿ ಬಾರ್ಸಿಲೋನಾದ ಲೂಯಿ ಜರ್ವೆ ಮತ್ತು ಜೊರ್ಡಿ ಕಸನೋವಾ ಇದು ಹುಟ್ಟುವುದನ್ನು ಹಂತಹಂತವಾಗಿ ಹಿಡಿದರು. ಕೋಶ ಉದ್ದವಾಗುತ್ತ ಹೋದಂತೆ, ಪಕ್ಕದ ಕೋಶದೊಡನೆ ಅದು ಕೂಡುವ ಜಾಗದಿಂದ ಒಂದು ಪೊರೆ ಒಳಕ್ಕೆ ಚಾಚಿಕೊಳ್ಳುತ್ತದೆ. ಅದಕ್ಕೆ ದಾರಿಯಾಗುವುದು ಮೈಕ್ರೊಟ್ಯೂಬ್ಯೂಲ್‌ಗಳ ಸಾಲು, ಅದರ ಮುಂದೆ ಕೋಶದ ತುದಿಯಲ್ಲಿ ಆಕ್ಟಿನ್ನಿನ ಒಂದು ಗುಂಪು. ಉದ್ದವಾಗುವುದು ನಿಂತರೆ ಕೊಳವೆಯೂ ನಿಲ್ಲುತ್ತದೆ. ಮೈಕ್ರೊಟ್ಯೂಬ್ಯೂಲ್‌ಗಳು ಹೊರಡುವ ಠಾಣೆ ಸೆಂಟ್ರೊಸೋಮ್. ಸೋಫಿಯಾ ಅರಾವುಜೊ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಆ ಕೋಶದಲ್ಲಿ ಸೆಂಟ್ರೊಸೋಮ್‌ಗಳು ಹೆಚ್ಚಾದರೆ ಒಳಗಿನ ಕೊಳವೆಯೂ ಹೆಚ್ಚು ಕವಲೊಡೆಯುತ್ತದೆ. ‘ಇಲ್ಲಿ ಒಂದೇ ಕೊಳವೆ ಇರಲಿ’ ಎಂಬ ಆಜ್ಞೆ ಎಲ್ಲೂ ಬರೆದಿಲ್ಲ. ಠಾಣೆಗಳ ಸಂಖ್ಯೆ ಸರಿಯಿದ್ದರೆ ಕೊಳವೆಯೂ ಸರಿಯಾಗಿ ಬರುತ್ತದೆ, ಅಷ್ಟೆ.

ಇವೆಲ್ಲಕ್ಕಿಂತ ತತ್ತ್ವಜಿಜ್ಞಾಸುವನ್ನು ತಡೆದು ನಿಲ್ಲಿಸಬೇಕಾದದ್ದು ಉಂಗುರಗಳ ಪ್ರಸಂಗ. ಕೀಟದ ಗಾಳಿಗೊಳವೆ ಕುಸಿಯದಂತೆ ಅದರ ಒಳಗೋಡೆಯಲ್ಲಿ ಸಮಾನ ಅಂತರದ ಏಣುಗಳು ಸುತ್ತುಗಟ್ಟಿರುತ್ತವೆ. ಏಣು ಬರುವ ಮುನ್ನ ಅದೇ ಜಾಗದಲ್ಲಿ, ಕೋಶಗಳ ಒಳಗೆ, ಆಕ್ಟಿನ್ ಉಂಗುರಗಳು ಸಾಲಾಗಿ ಮೂಡುತ್ತವೆ. ಒಂದು ಕೋಶದ ಗಡಿ ದಾಟಿ ಪಕ್ಕದ ಕೋಶದಲ್ಲೂ ಅದೇ ಸಾಲು ಮುಂದುವರಿಯುತ್ತದೆ. ನೋಡಿದವರಿಗೆ ಯಾರೋ ಅಳತೆಪಟ್ಟಿ ಹಿಡಿದು ಗೆರೆ ಹಾಕಿದ್ದಾರೆಂದೇ ಅನಿಸಬೇಕು. 2006ರಲ್ಲಿ ಹಂಗೆರಿಯ ಯೋಜೆಫ್ ಮಿಹಾಯ್ ಅವರ ಗುಂಪು ‘ಡಾಮ್’ ಎಂಬ ಜೀನ್ ಕೆಟ್ಟರೆ ಉಂಗುರಗಳೂ ಏಣುಗಳೂ ಅಸ್ತವ್ಯಸ್ತವಾಗುತ್ತವೆಂದು ಕಂಡಿತು. ಹಾಗಾದರೆ ಗೆರೆ ಹಾಕುವವನು ಆ ಜೀನೇ? ಆ ಜೀನಿನಿಂದಾಗುವ ಪ್ರೋಟೀನು ಆಕ್ಟಿನ್ ಎಳೆ ಕಟ್ಟಲು ನೆರವಾಗುತ್ತದೆ. ಎಲ್ಲಿ ಕಟ್ಟಬೇಕು, ಎಷ್ಟು ದೂರಕ್ಕೊಂದು ಎಂಬುದು ಅದರಲ್ಲಿಲ್ಲ.

ಉತ್ತರ ಬಂದದ್ದು 2015ರಲ್ಲಿ, ಜಪಾನಿನ ಶಿಗೆಯೊ ಹಯಾಶಿ ಅವರ ಪ್ರಯೋಗಾಲಯವೂ ಎದ್ವಾರ್ ಅನ್ನೆಜೊ, ಜಾನ್-ಫ್ರಾನ್ಸ್ವಾ ಜೊಆನಿ ಮುಂತಾದ ಭೌತವಿಜ್ಞಾನಿಗಳೂ ಕೂಡಿ ಮಾಡಿದ ಕೆಲಸದಿಂದ. ಮಯೋಸಿನ್ ಆಕ್ಟಿನ್ನನ್ನು ಎಳೆಯುತ್ತದೆ. ಎಲ್ಲಿ ಕೊಂಚ ಹೆಚ್ಚು ಸೇರಿತೋ ಅಲ್ಲಿ ಎಳೆತ ಹೆಚ್ಚು, ಆದ್ದರಿಂದ ಅಲ್ಲಿಗೆ ಇನ್ನಷ್ಟು ಬಂದು ಸೇರುತ್ತದೆ. ಇದೇ ಹೊತ್ತಿಗೆ ಎಲ್ಲೆಡೆಯೂ ಆಕ್ಟಿನ್ ಕಳಚುತ್ತಿದೆ, ಹೊಸದಾಗಿ ಕಟ್ಟಿಕೊಳ್ಳುತ್ತಿದೆ. ಈ ಎರಡರ ಹಗ್ಗಜಗ್ಗಾಟದಲ್ಲಿ ಸಮನಾಗಿ ಹರಡಿದ್ದ ಪದಾರ್ಥ ತನ್ನಷ್ಟಕ್ಕೆ ಸಮಾನ ಅಂತರದ ಪಟ್ಟಿಗಳಾಗಿ ಒಡೆಯುತ್ತದೆ. ಅಂತರ ಎಷ್ಟೆಂಬುದು ಆ ಜಾಲದ ಭೌತಿಕ ಗುಣಗಳಿಂದ ಬರುತ್ತದೆ. ಗುಣಗಳನ್ನು ಬದಲಿಸಿದಾಗ ಲೆಕ್ಕ ಹೇಳಿದಂತೆಯೇ ಅಂತರವೂ ಬದಲಾಯಿತು. ಹೊಳೆಯುವಂತೆ ಗುರುತು ಮಾಡಿದ್ದ ಒಂದು ಉಂಗುರದ ತುಂಡಿನ ಹೊಳಪನ್ನು ಲೇಸರ್‌ನಿಂದ ಅಳಿಸಿ ನೋಡಿದರು: ಹೊಳಪು ಮರಳಿ ಬಂತು. ಉಂಗುರ ಇದ್ದಲ್ಲೇ ಇದೆ, ಅದರಲ್ಲಿರುವ ಅಣುಗಳು ಬದಲಾಗುತ್ತಲೇ ಇವೆ. ಇನ್ನೂ ಒಂದು ಮಾತು. ಕೋಶಗಳು ಕೊಳವೆಯ ಒಳಭಾಗಕ್ಕೆ ಸುರಿದ ಕೈಟಿನ್ ಹೊದಿಕೆಯ ಘರ್ಷಣೆ ಈ ಉಂಗುರಗಳನ್ನು ಸ್ಥಿರವಾಗಿ ಹಿಡಿದಿಡುತ್ತದೆ. ಆ ಹೊದಿಕೆಯನ್ನು ಕ್ಷೀಣಗೊಳಿಸಿದಾಗ ಉಂಗುರಗಳು ನಿಲ್ಲಲಾರದೆ ಅಡ್ಡಾದಿಡ್ಡಿ ಅಲೆದವು. ಮರುವರ್ಷ ಬಾರ್ಸಿಲೋನಾದಿಂದ ಬಂದ ಇನ್ನೊಂದು ಅಧ್ಯಯನವೂ ಇದೇ ಕಡೆ ಬೆರಳು ಮಾಡಿತು: ಆಕ್ಟಿನ್ ಏಣುಗಳಿಗೆ ದಾರಿ ತೋರಿಸುತ್ತದೆ, ಏಣುಗಳಾದ ಕೈಟಿನ್ ಮತ್ತೆ ಕೋಶಗಳನ್ನೂ ಆಕ್ಟಿನ್ನನ್ನೂ ತಿದ್ದುತ್ತದೆ.

ಮಾಡಿದ್ದು ಮಾಡಿದವನನ್ನು ತಿದ್ದುವ ಈ ಬಗೆಗೆ ಮಡಕೆ-ಕುಂಬಾರರ ದೃಷ್ಟಾಂತದಲ್ಲಿ ಜಾಗವಿಲ್ಲ. ಮಡಕೆ ಕುಂಬಾರನನ್ನು ರೂಪಿಸುವುದಿಲ್ಲ. ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಹೇಳಿದ್ದು ಇಲ್ಲಿ ಅಕ್ಷರಶಃ ಕಾಣುತ್ತದೆ: ಜೀವಿಯಲ್ಲಿ ಪ್ರತಿ ಭಾಗವೂ ಉಳಿದ ಭಾಗಗಳಿಂದ ಆಗುತ್ತದೆ, ಉಳಿದ ಭಾಗಗಳನ್ನು ಆಗಿಸುತ್ತದೆ, ಅದು ತನ್ನನ್ನು ತಾನೇ ಸಂಘಟಿಸಿಕೊಳ್ಳುವ ವಸ್ತು, ಯಂತ್ರ ಹಾಗಲ್ಲ. ಅದೇ ಕಾಂಟ್, ಒಂದು ಹುಲ್ಲಿನ ಎಸಳು ಹುಟ್ಟುವ ಬಗೆಯನ್ನು ಬರಿಯ ಪ್ರಕೃತಿನಿಯಮಗಳಿಂದ ವಿವರಿಸಬಲ್ಲ ನ್ಯೂಟನ್ ಬಂದಾನೆಂದು ಆಶಿಸುವುದು ವ್ಯರ್ಥವೆಂದೂ ಹೇಳಿದ್ದ. ಉಂಗುರಗಳ ಲೆಕ್ಕ ಹಾಕಿದವರು ಇಡೀ ಎಸಳನ್ನು ವಿವರಿಸಿಲ್ಲ. ಆದರೆ ಕಾಂಟ್ ಮುಚ್ಚಿದೆಯೆಂದ ಬಾಗಿಲು ತೆರೆದಿದೆ ಎನ್ನುವುದಕ್ಕೆ ಅಷ್ಟು ಸಾಕು.

ಬೇರೆ ಜೀವಿಗಳ ಸಾಕ್ಷ್ಯವೂ ಇದೇ ದಿಕ್ಕಿನದು. ಒಂದು ಮಿಲಿಮೀಟರ್ ಉದ್ದದ ಸಿ. ಎಲೆಗನ್ಸ್ ಹುಳುವಿನ ವಿಸರ್ಜನಾ ಕೋಶ ಮೈಯುದ್ದಕ್ಕೂ ಚಾಚಿದ ಒಂದೇ ಟೊಳ್ಳು ಕೋಶ. ಅದರ ಒಳಪೊರೆಗೆ ಒತ್ತಾಗಿ ನಿಂತ ಸ್ಪೆಕ್ಟ್ರಿನ್, ಆಕ್ಟಿನ್ ಪ್ರೋಟೀನುಗಳ ಒಳಪಟ್ಟಿ ಸಡಿಲವಾದರೆ ಕೊಳವೆ ಉಬ್ಬಿ ನೀರುಗುಳ್ಳೆಯಾಗುತ್ತದೆ. ಜೀಬ್ರಾಮೀನಿನ ಹೊಸ ರಕ್ತನಾಳಗಳಲ್ಲಿ ರಕ್ತದ ಒತ್ತಡವೇ ಕೋಶದ ಪೊರೆಯನ್ನು ಒಳಕ್ಕೆ ನೂಕಿ ದಾರಿ ಕೊರೆಯುತ್ತದೆ, ನೂಕಿದ್ದು ಮಿತಿಮೀರದಂತೆ ಆಕ್ಟಿನ್-ಮಯೋಸಿನ್ ಬಿಗಿಹಿಡಿಯುತ್ತದೆ. ಹೋಲ್ಗರ್ ಗೆರ್ಹಾರ್ಟ್ ಅವರ ತಂಡ 2016ರಲ್ಲಿ ತೋರಿಸಿದ ಈ ದೃಶ್ಯದಲ್ಲಿ ಹರಿಯುವುದೇ ತನ್ನ ಕಾಲುವೆಯನ್ನು ತೋಡಿಕೊಳ್ಳುತ್ತದೆ. ಇನ್ನು ಕೋಳಿಯ ಕರುಳು. ಅದರ ಸುರುಳಿಗಳು ಹೇಗೆ ಬಂದವೆಂಬುದನ್ನು 2011ರಲ್ಲಿ ಹಾರ್ವರ್ಡ್‌ನ ಕ್ಲಿಫ್ ಟ್ಯಾಬಿನ್, ಎಲ್. ಮಹಾದೇವನ್ ಮತ್ತು ಸಂಗಡಿಗರು ಬಿಡಿಸಿದರು. ಕರುಳು ಅಂಟಿಕೊಂಡಿರುವ ಪೊರೆಗಿಂತ ಕರುಳು ಬೇಗ ಬೆಳೆಯುತ್ತದೆ, ಜಗ್ಗಾಟದಲ್ಲಿ ಅದು ಸುರುಳಿಯಾಗಿ ಬಾಗುತ್ತದೆ. ಎಳೆದು ಹಿಡಿದ ರಬ್ಬರ್ ಹಾಳೆಗೆ ರಬ್ಬರ್ ಕೊಳವೆಯೊಂದನ್ನು ಹೊಲಿದು ಬಿಟ್ಟಾಗ ಅದೂ ಅಂಥದೇ ಸುರುಳಿಗಳನ್ನು ತಳೆಯಿತು.

ಈ ಹಂತದಲ್ಲಿ ಒಂದು ಆತುರದ ತೀರ್ಮಾನವನ್ನು ತಡೆಯಬೇಕು. ಕುಂಬಾರ ಇಲ್ಲವೆಂದಾದರೆ ಜೀನ್ ಇದೆಯಲ್ಲ, ಜೀವಿಯ ನೀಲನಕ್ಷೆ ಅದರಲ್ಲಿದೆಯಲ್ಲ ಎಂದು ಶಾಲೆಯ ಪುಸ್ತಕದಿಂದ ಹಿಡಿದು ಪತ್ರಿಕೆಗಳ ತನಕ ಎಲ್ಲೆಡೆ ಹೇಳುವುದುಂಟು. ಆ ಮಾತಿನಲ್ಲಿ ಹಾಲರ್‌ನ ಪಾರದರ್ಶಕ ಮರಿ ವೇಷ ಬದಲಿಸಿ ಮರಳಿದೆ. ನೀಲನಕ್ಷೆಯಲ್ಲಿ ಮನೆಯ ಪ್ರತಿ ಕಿಟಕಿಗೂ ಒಂದು ಗೆರೆ ಇರುತ್ತದೆ. ನೊಣದ ಸುಮಾರು 14,000 ಜೀನ್‌ಗಳಲ್ಲಿ ಎಷ್ಟನೆಯ ಉಂಗುರ ಎಲ್ಲಿ ಎಂಬುದಕ್ಕೆ ಗೆರೆಯಿಲ್ಲ. ಪ್ರೋಟೀನುಗಳನ್ನು ಮಾಡುವ ವಿಧಿ, ಎಷ್ಟು, ಯಾವಾಗ ಎಂಬ ನಿಯಂತ್ರಣ ಅಲ್ಲಿದೆ, ಮತ್ತು ಅದು ಸಣ್ಣ ಸಂಗತಿಯಲ್ಲ. ಆಕಾರ ಉಂಟಾಗುವುದು ಮಾತ್ರ ಆ ಪ್ರೋಟೀನುಗಳ ಎಳೆತ, ಘರ್ಷಣೆ, ಒತ್ತಡ, ಸುತ್ತಲಿನವರ ಕರೆ ಇವೆಲ್ಲ ಒಟ್ಟಿಗೆ ನಡೆದಾಗ. ದೇವರನ್ನು ಹೊರಗಿನ ನಕ್ಷೆಗಾರನಾಗಿ ಕಲ್ಪಿಸಿ, ಅನಂತರ ಅವನನ್ನು ಇಳಿಸಿ ಅದೇ ಪೀಠದಲ್ಲಿ ಡಿಎನ್‌ಎಯನ್ನು ಕೂರಿಸಿದವರು ಪ್ರಶ್ನೆಯನ್ನು ಬದಲಿಸಿಲ್ಲ. ಪೀಠವೇ ಖಾಲಿಯಿದೆ ಎಂಬುದು ಕೊಳವೆಗಳು ಹೇಳುವ ಸಂಗತಿ.

ಪೀಠ ಖಾಲಿಯಾದರೆ ಭಕ್ತಿಗೆ ನಷ್ಟವೇ? ಇಲ್ಲವೆಂದು ವಾದಿಸಿದವರಲ್ಲಿ ಅತ್ಯಂತ ಗಟ್ಟಿ ದನಿ ಒಬ್ಬ ಪರಮಭಕ್ತನದು, ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲಸಿದ್ದ ರಾಮಾನುಜರದು. ಶ್ರೀಭಾಷ್ಯದಲ್ಲಿ, ಶಾಸ್ತ್ರವೇ ಬ್ರಹ್ಮಕ್ಕೆ ಪ್ರಮಾಣವೆಂಬ ಸೂತ್ರವನ್ನು ವ್ಯಾಖ್ಯಾನಿಸುವಾಗ ಅವರು ಮಡಕೆ-ಕುಂಬಾರರ ಅನುಮಾನವನ್ನು ಎಳೆಎಳೆಯಾಗಿ ಬಿಡಿಸಿ ಕೈಬಿಡುತ್ತಾರೆ. ಭೂಮಿ, ಸಮುದ್ರಗಳು ಕಾರ್ಯವೆಂದೇ ಒಪ್ಪಿದರೂ ಅವೆಲ್ಲ ಒಂದೇ ಕಾಲದಲ್ಲಿ, ಒಬ್ಬನೇ ಕರ್ತೃವಿನಿಂದ ಆದವೆಂಬುದಕ್ಕೆ ಆಧಾರವೇನು? ಕರ್ತೃವಿಗೆ ದೇಹವುಂಟೋ ಇಲ್ಲವೋ? ಉಂಟೆಂದರೆ ಆ ದೇಹವನ್ನು ಮಾಡಿದವರು ಯಾರು? ಇಲ್ಲವೆಂದರೆ ದೇಹವಿಲ್ಲದೆ ಮಾಡುವವನನ್ನು ಎಲ್ಲಿ ಕಂಡಿದ್ದೇವೆ? ತರ್ಕದಿಂದ ದೇವರನ್ನು ಹಿಡಿಯಹೊರಟರೆ ಕೈಗೆ ಸಿಗುವುದು ದೊಡ್ಡ ಕುಂಬಾರನೊಬ್ಬ ಮಾತ್ರ, ನಾರಾಯಣನಲ್ಲ ಎಂಬ ಎಚ್ಚರ ಆ ಪುಟಗಳ ಹಿಂದೆ ಇದೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ಗಡಿಯಾರ ತೋರಿಸಿ ಗಡಿಯಾರಗಾರನನ್ನು ಸಾಧಿಸಲು ಹೊರಟಾಗ, ಈ ವಿಮರ್ಶೆ ಹುಟ್ಟಿ ಏಳು ಶತಮಾನಗಳೇ ಆಗಿದ್ದವು.

ರಾಮಾನುಜರು ತರ್ಕದ ಕುಂಬಾರನನ್ನು ಬಿಟ್ಟು ಹಿಡಿದದ್ದು ಬೃಹದಾರಣ್ಯಕದ ಅಂತರ್ಯಾಮಿಯನ್ನು: ಜಗತ್ತು ಯಾರಿಗೆ ಶರೀರವೋ, ಯಾರು ಒಳಗಿದ್ದು ನಡೆಸುತ್ತಾನೋ, ಅವನನ್ನು. ಇಂದಿನ ಆಸ್ತಿಕ ಓದುಗನಿಗೆ ಕೋಶದ ಒಳಗಿಂದಲೇ ಆಕಾರ ಮೂಡುವ ಸಂಗತಿ ಈ ದರ್ಶನಕ್ಕೆ ಹತ್ತಿರವೆನಿಸಬಹುದು. ಹೊರಗಿನ ಕೈ ಎಂಬ ಚಿತ್ರಕ್ಕಿಂತ ಅದು ನಿಜಕ್ಕೂ ಹತ್ತಿರ. ಆದರೆ ಆಕ್ಟಿನ್ನನ್ನು ತೋರಿಸಿ ಇದೇ ಅಂತರ್ಯಾಮಿ ಎಂದುಬಿಟ್ಟರೆ ರಾಮಾನುಜರು ಬಿಡಿಸಿದ ಗಂಟನ್ನೇ ಮತ್ತೆ ಹಾಕಿದಂತೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಶ್ರುತಿಯ ರುಜುವಾತೆಂದು ಬಳಸುವುದರಿಂದ ಶ್ರುತಿಗೂ ಗೌರವವಿಲ್ಲ, ಸೂಕ್ಷ್ಮದರ್ಶಕಕ್ಕೂ ಇಲ್ಲ. ಪ್ರಯೋಗ ಹೇಳಬಲ್ಲದ್ದು ಇಷ್ಟು: ಕೊಳವೆಯ ಆಕಾರವನ್ನು ವಿವರಿಸಲು ಹೊರಗಿನ ಕರ್ತೃವನ್ನು ಕರೆಯಬೇಕಾಗಿಲ್ಲ. ಇರುವುದೆಲ್ಲ ಏಕಿದೆ, ಈ ನಿಯಮಗಳೇ ಏಕೆ ಎಂಬ ಪ್ರಶ್ನೆ ಅದರ ಆಚೆಗಿನದು. ಅಲ್ಲಿ ನಂಬುವವನೂ ನಂಬದವನೂ ತಂತಮ್ಮ ಮಾತಿಗೆ ತಾವೇ ಹೊಣೆಗಾರರು.

ವಾದ ಪ್ರಯೋಗಾಲಯದಿಂದ ಮನೆಗೆ ಬರುವುದು ಕೊಳವೆ ಕೆಟ್ಟಾಗ. 1730ರ ದಶಕದಲ್ಲಿ ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಯಲ್ಲಿ ಲೂಯಿ ಲೆಮೆರಿ ಮತ್ತು ಜಾಕ್-ಬೆನಿನ್ಯ್ ವಿನ್ಸ್ಲೊ ವರ್ಷಗಟ್ಟಲೆ ಜಗಳವಾಡಿದ್ದು ವಿಕಲವಾಗಿ ಹುಟ್ಟಿದ ಶಿಶುಗಳ ಬಗ್ಗೆ. ಎಲ್ಲ ಆಕಾರಗಳೂ ಸೃಷ್ಟಿಯಲ್ಲೇ ಸಿದ್ಧವಾಗಿದ್ದರೆ ಈ ಶಿಶುವಿನ ಆಕಾರವನ್ನೂ ದೇವರೇ ಹಾಗೆ ಮಾಡಿದನೆ? ಮಾಡಿರಬಹುದು, ಅವನ ಸ್ವಾತಂತ್ರ್ಯಕ್ಕೆ ಎಲ್ಲೆ ಹಾಕಲು ನಾವು ಯಾರು ಎಂದ ವಿನ್ಸ್ಲೊ. ಹಾಗೆನ್ನುವುದು ದೇವರಿಗೆ ಅಪಚಾರ, ಗರ್ಭದಲ್ಲಿ ನಡೆದ ಅವಘಡದಿಂದ ಹೀಗಾಗಿದೆ ಎಂದ ಲೆಮೆರಿ. ನಮ್ಮ ಊರುಗಳಲ್ಲಿ ಈ ಪ್ರಶ್ನೆಗೆ ಬೇರೆ ಮಾತುಗಳಿವೆ. ಗ್ರಹಣದ ಹೊತ್ತು ಹೊರಗೆ ಬಂದಳು, ಚಾಕು ಹಿಡಿದಳು, ಯಾವ ಜನ್ಮದ ಕರ್ಮವೋ. ಎಲ್ಲ ಮಾತುಗಳೂ ಕೊನೆಗೆ ಬಂದು ಬೀಳುವುದು ತಾಯಿಯ ಮೇಲೆ.

ಮನುಷ್ಯ ಭ್ರೂಣದ ಬೆನ್ನಿನಲ್ಲಿ ಒಂದು ಚಪ್ಪಟೆ ಪದರ ಮಡಿದು ಮುಚ್ಚಿಕೊಂಡು ನರಕೊಳವೆಯಾಗುತ್ತದೆ. ಮೆದುಳೂ ಬೆನ್ನುಹುರಿಯೂ ಅದರಿಂದಲೇ. ಗರ್ಭಧಾರಣೆಯಾದ ಸುಮಾರು 28 ದಿನಗಳೊಳಗೆ ಈ ಕೆಲಸ ಮುಗಿಯಬೇಕು. ಮಡಿಯುವ ಕೋಶಗಳ ತುದಿಯನ್ನು ಬಿಗಿಯುವುದು ಆಕ್ಟಿನ್-ಮಯೋಸಿನ್ನೇ. ಆ ಜಾಲವನ್ನು ಸರಿಯಾದ ಜಾಗದಲ್ಲಿ ಕೂರಿಸುವ ‘ಶ್ರೂಮ್’ ಎಂಬ ಪ್ರೋಟೀನು ಕೆಟ್ಟ ಇಲಿಮರಿಗಳಲ್ಲಿ ತಲೆಯ ಭಾಗದ ಕೊಳವೆ ಮುಚ್ಚಲಿಲ್ಲವೆಂದು ಜೆಫ್ರಿ ಹಿಲ್ಡೆಬ್ರಾಂಡ್ ಮತ್ತು ಫಿಲಿಪ್ ಸೊರಿಯಾನೊ 1999ರಲ್ಲಿ ವರದಿ ಮಾಡಿದರು. ಮನುಷ್ಯರಲ್ಲಿ ಇಂಥ ದೋಷಕ್ಕೆ ಕಾರಣ ಒಂದೇ ಅಲ್ಲ, ಹಲವು ಸೇರಿರುತ್ತವೆ. ಆದರೆ ಒಂದು ಸಂಗತಿ ಖಚಿತವಾಗಿದೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 7 ದೇಶಗಳ 33 ಕೇಂದ್ರಗಳಲ್ಲಿ ನಡೆಸಿ 1991ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹಿಂದೊಮ್ಮೆ ಇಂಥ ಮಗುವನ್ನು ಹೊತ್ತಿದ್ದ ಹೆಂಗಸರು ಫೋಲಿಕ್ ಆಮ್ಲ ಸೇವಿಸಿದಾಗ ದೋಷ ಮರುಕಳಿಸುವುದು ಶೇ. 72ರಷ್ಟು ಕಡಿಮೆಯಾಯಿತು.

ಇಷ್ಟು ಅಗ್ಗದ ಮಾತ್ರೆಯ ವಿಷಯದಲ್ಲಿ ನಮ್ಮ ಕಡೆ ಆಗುತ್ತಿರುವ ತಪ್ಪು ಸಮಯದ್ದು. ಮುಟ್ಟು ನಿಂತು, ಪರೀಕ್ಷೆ ಮಾಡಿಸಿ, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರು ಬರೆಸಿ ಮಾತ್ರೆ ಕೈಗೆ ಬರುವ ಹೊತ್ತಿಗೆ ಬಹುತೇಕ ಆ 28 ದಿನಗಳು ಕಳೆದಿರುತ್ತವೆ. ಫೋಲಿಕ್ ಆಮ್ಲ ಬೇಕಿರುವುದು ಗರ್ಭ ನಿಲ್ಲುವ ಮೊದಲೇ, ಮಗು ಬೇಕೆಂದು ಗಂಡಹೆಂಡಿರು ನಿರ್ಧರಿಸಿದ ದಿನದಿಂದಲೇ.